ಗೆದ್ದವರ ಖರ್ಚು ಯಾರ ತಲೆಗೆ?

ಕೋರ್ಟು ಕಚೇರಿ ಅಲೆದವರ ಬಾಯಲ್ಲಿ ಒಂದು ಮಾತು ತಲೆಮಾರುಗಳಿಂದ ಉಳಿದುಕೊಂಡು ಬಂದಿದೆ: ಗೆದ್ದವನು ಸೋತ, ಸೋತವನು ಸತ್ತ. ಸೋತವನ ಪಾಡು ಯಾರಿಗಾದರೂ ಅರ್ಥವಾಗುತ್ತದೆ. ಗೆದ್ದವನು ಸೋತದ್ದು ಹೇಗೆ? ಡಿಕ್ರಿ ಅವನ ಹೆಸರಿಗೇ ಆಯಿತು, ಮನೆಯೋ ಜಮೀನೋ ಅವನಿಗೇ ದಕ್ಕಿತು. ಆದರೆ ಅಷ್ಟು ಹೊತ್ತಿಗೆ ವಕೀಲರ ಫೀಸು, ಓಡಾಟ, ನಕಲು, ಸ್ಟಾಂಪು ಎಂದು ಕೈಯಲ್ಲಿದ್ದದ್ದು ಕರಗಿ ಸಾಲವೂ ಆಗಿತ್ತು. ನ್ಯಾಯ ಅವನ ಕಡೆ ಇತ್ತು. ಆ ನ್ಯಾಯವನ್ನು ಸಾಬೀತು ಮಾಡಲು ತಗುಲಿದ ಹಣವನ್ನು ಅವನಿಗೆ ಯಾರೂ ತುಂಬಿಕೊಡಲಿಲ್ಲ. ಕೇಳುಗರೇ, ಇವತ್ತು ನಾನು ಮಾತಾಡುವುದು ಹೀಗೆ ಗೆದ್ದು ಸೋತವನ ಬಗ್ಗೆ, ಅವನ ವಕೀಲರ ಫೀಸಿನ ಬಗ್ಗೆ.

ಇದಕ್ಕೆ ಉದಾಹರಣೆಯಾಗಿ ನಾನು ಕ್ಯಾಲಿಫೋರ್ನಿಯಾವನ್ನು ಆರಿಸಿಕೊಂಡಿದ್ದೇನೆ. ಅಷ್ಟು ದೂರ ಯಾಕೆ ಎಂದು ಕೇಳಬಹುದು. ಮನೆ ಮಾರಾಟದ ಕರಾರಿನಲ್ಲಿ ವಕೀಲರ ಫೀಸಿನ ಷರತ್ತು ಹೇಗೆ ಕೆಲಸ ಮಾಡುತ್ತದೆ ಎಂಬ ವಿಚಾರ ಆ ರಾಜ್ಯದಲ್ಲಿ ಬೆಳೆದಷ್ಟು ವಿವರವಾಗಿ ಬೆಳೆದಿರುವ ಕಡೆಗಳು ಕಡಿಮೆ. ಇನ್ನೊಂದು ಕಾರಣ ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಎಂಬ ಊರುಗಳ ಹೆಸರು ಈಗ ನಮ್ಮ ಮೈಸೂರು, ಹಾಸನ, ದಾವಣಗೆರೆಯ ಮನೆಗಳಲ್ಲೂ ದಿನಬಳಕೆಯ ಮಾತಾಗಿವೆ. ಮಗನೋ ಮಗಳೋ ಅಲ್ಲಿ ಮನೆ ಕೊಳ್ಳುವಾಗ ಇಲ್ಲಿನ ಸೈಟು ಮಾರಿ ಹಣ ಕಳಿಸಿದ ತಂದೆತಾಯಿಗಳು ಇದ್ದಾರೆ. ಆ ಹಣದ ಮೇಲೆ ಅಲ್ಲಿ ಯಾವ ಕಾಗದ ಕೂತಿದೆ ಎಂಬುದು ಅವರಿಗೂ ತಿಳಿದಿರಬೇಕು.

ಮೊದಲು ಮೂಲ ಪ್ರಶ್ನೆ. ಗೆದ್ದವರ ವಕೀಲರಿಗೆ ಸೋತವರು ಫೀಸು ಕೊಡಬೇಕೆ? ಕೊಡಬೇಕು ಎನ್ನುವುದು ಇಂಗ್ಲೆಂಡಿನ ಹಳೆಯ ಪದ್ಧತಿ. ಅಮೆರಿಕದವರು ಇಂಗ್ಲೆಂಡಿನಿಂದ ಕಾನೂನಿನ ಬಹುಭಾಗವನ್ನು ತೆಗೆದುಕೊಂಡರೂ ಇದೊಂದನ್ನು ಬಿಟ್ಟರು. ಅವರ ಸುಪ್ರೀಂ ಕೋರ್ಟು ಹುಟ್ಟಿ ಇನ್ನೂ ಹತ್ತು ವರ್ಷವಾಗಿರದ 1796ರಲ್ಲೇ ಒಂದು ಮೊಕದ್ದಮೆ ಬಂತು. ಅದರಲ್ಲಿ ನಷ್ಟದ ಲೆಕ್ಕದೊಳಗೆ ವಕೀಲರ ಫೀಸು ಎಂದು 1,600 ಡಾಲರ್ ಸೇರಿಕೊಂಡಿತ್ತು. ನಮ್ಮ ದೇಶದ ರೂಢಿ ಇದಲ್ಲ ಎಂದು ಕೋರ್ಟು ಅದನ್ನು ತೆಗೆದುಹಾಕಿತು. ಅಲ್ಲಿಂದ ಇವತ್ತಿನವರೆಗೂ ಅಲ್ಲಿನ ಸಾಮಾನ್ಯ ನಿಯಮ ಒಂದೇ: ಗೆಲ್ಲಲಿ, ಸೋಲಲಿ, ಅವರವರ ವಕೀಲರ ಫೀಸು ಅವರವರದೇ. ಸೋತರೆ ಎದುರಾಳಿಯ ಫೀಸೂ ತಲೆಗೆ ಬರುತ್ತದೆ ಎಂಬ ಭಯದಿಂದ ಬಡವರು ಕೋರ್ಟಿನ ಬಾಗಿಲಿಗೇ ಬಾರದೆ ಹೋಗಬಾರದು ಎಂಬುದು ಇದನ್ನು ಸಮರ್ಥಿಸುವವರ ವಾದ. ವಾದದಲ್ಲಿ ತೂಕವಿದೆ. ಆದರೆ ಮೂವತ್ತು ಸಾವಿರ ಡಾಲರಿನ ಹಕ್ಕಿಗಾಗಿ ಐವತ್ತು ಸಾವಿರ ಡಾಲರ್ ಫೀಸು ಸುರಿಯಬೇಕಾಗಿ ಬಂದರೆ, ಅದೇ ಬಡವರು ಬೇರೊಂದು ಕಾರಣಕ್ಕೆ ಅದೇ ಬಾಗಿಲಿನಿಂದ ಹಿಂದಿರುಗುತ್ತಾರೆ.

ನಮ್ಮ ದೇಶದ ಸ್ಥಿತಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಸೆಕ್ಷನ್ ಹಿಡಿದಿರುವುದು ಇಂಗ್ಲೆಂಡಿನ ದಾರಿಯನ್ನೇ. ಗೆದ್ದವರಿಗೆ ಖರ್ಚು ಸಿಗಬೇಕು. ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಕಾಗದದ ಮೇಲೆ ಇದು ಅಮೆರಿಕದ ನಿಯಮಕ್ಕಿಂತ ಎಷ್ಟೋ ಮೇಲು. ಆದರೆ ಆ ಖರ್ಚಿನಲ್ಲಿ ವಕೀಲರ ಫೀಸನ್ನು ನಿಯಮಾವಳಿಯ ದರದಲ್ಲಿ ಲೆಕ್ಕ ಹಾಕುತ್ತಾರೆ. ಕಕ್ಷಿದಾರ ನಿಜವಾಗಿ ಕೊಟ್ಟದ್ದಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಸುಳ್ಳು ದಾವೆ ಹೂಡಿ ಸತಾಯಿಸಿದವರಿಂದ ಪರಿಹಾರ ಕೊಡಿಸುವ 35ಎ ಸೆಕ್ಷನ್ನಿನಲ್ಲೂ ಮಿತಿ 3,000 ರೂಪಾಯಿ. ದೆಹಲಿಯ ಒಂದು ಆಸ್ತಿ ವ್ಯಾಜ್ಯದಲ್ಲಿ ಅಲ್ಲಿನ ಹೈಕೋರ್ಟು ಸೋತವರು ಗೆದ್ದವರಿಗೆ 45,28,000 ರೂಪಾಯಿ ವಕೀಲರ ಖರ್ಚು ಕೊಡಬೇಕೆಂದು ಆದೇಶಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ನಿಲ್ಲಗೊಡಲಿಲ್ಲ. ಈಗಿರುವ ಕಾನೂನು, ನಿಯಮಗಳಲ್ಲಿ ಅಷ್ಟು ಕೊಡಿಸಲು ಅವಕಾಶವಿಲ್ಲ, ನಿಯಮಗಳನ್ನೇ ಪರಿಷ್ಕರಿಸಬೇಕು ಎಂದಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಬಂದ ಮೇಲೆ ನಿಗದಿತ ಮೌಲ್ಯದ ವಾಣಿಜ್ಯ ವ್ಯಾಜ್ಯಗಳಲ್ಲಿ ನ್ಯಾಯವಾದ ಫೀಸನ್ನು ಕೊಡಿಸುವ ದಾರಿ ತೆರೆದಿದೆ. ವಾಸದ ಮನೆ ಕೊಳ್ಳುವ ಸಾಮಾನ್ಯ ಸಂಸಾರಸ್ಥರಿಗೆ ಅದರ ಪ್ರಯೋಜನವಿಲ್ಲ. ಇದು ನನಗೆ ಬೇಸರ ತರುವ ಸಂಗತಿ, ಮುಚ್ಚಿಡುವುದಿಲ್ಲ.

ಈಗ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಅಲ್ಲಿನ ಸಿವಿಲ್ ಪ್ರೊಸೀಜರ್ ಸಂಹಿತೆಯ 1021ನೇ ಸೆಕ್ಷನ್ ಹೇಳುವುದಿಷ್ಟು: ಬೇರೆ ಕಾನೂನು ಹೇಳದಿದ್ದರೆ, ವಕೀಲರ ಫೀಸಿನ ವಿಷಯ ಕಕ್ಷಿಗಳ ನಡುವಿನ ಒಪ್ಪಂದಕ್ಕೆ ಬಿಟ್ಟದ್ದು. ಅಂದರೆ ನೀವೇ ಕರಾರಿನಲ್ಲಿ ಬರೆದುಕೊಂಡಿದ್ದರೆ ಕೋರ್ಟು ಕೊಡಿಸುತ್ತದೆ; ಬರೆದುಕೊಳ್ಳದಿದ್ದರೆ ಕೊಡಿಸುವುದಿಲ್ಲ. ಈ ಬಾಗಿಲು ತೆರೆದೊಡನೆ ಅದರೊಳಗೆ ಮೊದಲು ನುಗ್ಗಿದವರು ಬಲಿಷ್ಠರು. ಕರಾರು ಅಚ್ಚು ಹಾಕಿಸುವವರು ಯಾರು? ಬಾಡಿಗೆ ಮನೆಗಳ ಒಡೆಯರು, ಸಾಲ ಕೊಡುವವರು, ಬಡಾವಣೆ ಕಟ್ಟುವವರು. ಅವರು ಬರೆದುಕೊಂಡದ್ದು ಹೀಗೆ: ನಾವು ನಿಮ್ಮ ಮೇಲೆ ದಾವೆ ಹೂಡಿ ಗೆದ್ದರೆ ನಮ್ಮ ವಕೀಲರ ಫೀಸನ್ನು ನೀವು ಕೊಡತಕ್ಕದ್ದು. ನೀವು ಗೆದ್ದರೆ ಏನು ಎಂಬ ವಿಷಯದಲ್ಲಿ ಕಾಗದ ಮೌನ. ಸಹಿ ಹಾಕುವವರಿಗೆ ಬೇರೆ ದಾರಿ ಇರಲಿಲ್ಲ. ಮನೆ ಬೇಕಿತ್ತು, ಹಾಕಿದರು.

1968ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಾಂಗ ಸಿವಿಲ್ ಕೋಡಿಗೆ 1717ನೇ ಸೆಕ್ಷನ್ ಸೇರಿಸಿತು. ನನ್ನ ಮಟ್ಟಿಗೆ ಇದು ಕರಾರು ಕಾನೂನಿನ ಇತಿಹಾಸದಲ್ಲಿ ನೆನಪಿಡಬೇಕಾದ ದಿಟ್ಟ ಹೆಜ್ಜೆ. ಅದು ಏಕಪಕ್ಷೀಯ ಷರತ್ತನ್ನು ರದ್ದು ಮಾಡಲಿಲ್ಲ. ರದ್ದು ಮಾಡಿದ್ದರೆ ದುರ್ಬಲರಿಗೆ ಏನೂ ಸಿಗುತ್ತಿರಲಿಲ್ಲ, ಮತ್ತೆ ಅವರವರ ಫೀಸು ಅವರವರಿಗೆ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಅದರ ಬದಲು ಸೆಕ್ಷನ್ ಹೇಳಿತು: ಷರತ್ತಿನಲ್ಲಿ ಒಬ್ಬರ ಹೆಸರನ್ನೇ ಬರೆದಿದ್ದರೂ ಅದನ್ನು ಇಬ್ಬರಿಗೂ ಅನ್ವಯಿಸಿ ಓದತಕ್ಕದ್ದು. ಕರಾರಿನ ಮೇಲಿನ ದಾವೆಯಲ್ಲಿ ಯಾರು ಗೆಲ್ಲುತ್ತಾರೋ ಅವರಿಗೆ ಫೀಸು. ಈ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡರೂ ಆ ಬರಹಕ್ಕೆ ಬೆಲೆಯಿಲ್ಲ. ಬೇರೆ ರಾಜ್ಯಗಳಲ್ಲೂ ಇಂಥ ಕಾನೂನುಗಳಿವೆ. ಫ್ಲಾರಿಡಾದಲ್ಲಿ ಕೋರ್ಟಿಗೆ ಇಂಥ ಷರತ್ತನ್ನು ಎರಡೂ ಕಡೆಗೆ ಹೊಂದಿಸುವ ಅಧಿಕಾರವಿದೆ. ನ್ಯೂಯಾರ್ಕಿನಲ್ಲಿ ಬಾಡಿಗೆ ಕರಾರುಗಳ ಮಟ್ಟಿಗೆ ಬಾಡಿಗೆದಾರರಿಗೂ ಅದೇ ಹಕ್ಕು ಸಿಗುತ್ತದೆ.

ಈ ಸೆಕ್ಷನ್ನಿನ ಆಳ ತಿಳಿಯಬೇಕಾದರೆ 1995ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮನೆಯ ವ್ಯಾಜ್ಯವನ್ನು ನೋಡಬೇಕು. ಮಾರುವವರು, ಕೊಳ್ಳುವವರ ನಡುವೆ ಬೆಲೆ, ಷರತ್ತುಗಳ ಬಗ್ಗೆ ಕಾಗದಗಳು ಓಡಾಡಿದವು. ಕೊನೆಗೆ ಕೊಳ್ಳಲು ಬಂದವರು, ಕರಾರು ಆಗಿಹೋಗಿದೆ, ಈಗ ಮನೆ ಕೊಡಲೇಬೇಕು ಎಂದು ದಾವೆ ಹೂಡಿದರು. ವಿಚಾರಣೆ ಮಾಡಿದ ಕೋರ್ಟು, ಇಬ್ಬರ ನಡುವೆ ಕರಾರೇ ಏರ್ಪಟ್ಟಿಲ್ಲ ಎಂದು ತೀರ್ಮಾನಿಸಿತು. ಮಾರುವವರು ಪೂರ್ತಿ ಗೆದ್ದರು. ಗೆದ್ದ ಮೇಲೆ, ಆ ಕಾಗದದಲ್ಲಿರುವ ಷರತ್ತಿನಂತೆ ನಮಗೆ ವಕೀಲರ ಫೀಸು ಕೊಡಿಸಿ ಎಂದು ಕೇಳಿದರು. ವಿಚಾರಣಾ ಕೋರ್ಟು ಕೊಡಿಸಲಿಲ್ಲ.

ಮೊದಲ ನೋಟಕ್ಕೆ ಕೊಡಿಸದಿರುವುದೇ ಸರಿ ಅನ್ನಿಸುತ್ತದೆ. ಕರಾರೇ ಇಲ್ಲ ಎಂದು ವಾದಿಸಿ ಗೆದ್ದವರು ಅದೇ ಕರಾರಿನ ಷರತ್ತನ್ನು ಹಿಡಿದು ಹಣ ಕೇಳುವುದು ಯಾವ ನ್ಯಾಯ? ಆದರೆ ಸ್ವಲ್ಪ ನಿಂತು ಯೋಚಿಸಿ. ಕೊಳ್ಳಲು ಬಂದವರು ಗೆದ್ದಿದ್ದರೆ ಏನಾಗುತ್ತಿತ್ತು? ಕರಾರು ಇದೆ ಎಂದಾಗುತ್ತಿತ್ತು, ಫೀಸಿನ ಷರತ್ತೂ ಜೀವಂತವಾಗಿರುತ್ತಿತ್ತು, ಮಾರುವವರು ಅವರ ಫೀಸು ತೆರಬೇಕಾಗುತ್ತಿತ್ತು. ಹಾಗಾದರೆ ಒಂದು ಕಡೆಯವರು ಗೆದ್ದರೆ ಫೀಸು, ಇನ್ನೊಂದು ಕಡೆಯವರು ಗೆದ್ದರೆ ಬರಿಗೈ ಎಂದಾಯಿತು. 1717ನೇ ಸೆಕ್ಷನ್ ಹುಟ್ಟಿದ್ದೇ ಈ ಓರೆಯನ್ನು ತಿದ್ದಲು. ಆದ್ದರಿಂದ ಕರಾರು ಇಲ್ಲವೆಂದು ಗೆದ್ದವರಿಗೂ ಫೀಸಿನ ಹಕ್ಕುಂಟು ಎಂಬುದು ಅಲ್ಲಿ ನೆಲೆನಿಂತ ತತ್ತ್ವ. ಒಬ್ಬರು ಕೇಳಿದ್ದೆಲ್ಲವನ್ನೂ ಗೆದ್ದು ಇನ್ನೊಬ್ಬರಿಗೆ ಏನೂ ಸಿಗದಿದ್ದಾಗ, ಫೀಸು ಬೇಡ ಎನ್ನಲು ನ್ಯಾಯಾಧೀಶರಿಗೆ ವಿವೇಚನೆಯೇ ಉಳಿಯುವುದಿಲ್ಲ, ಕೊಡಿಸಲೇಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಗೆಲುವು ಸೋಲು ಅರ್ಧಂಬರ್ಧವಾಗಿದ್ದರೆ ಮಾತ್ರ ಕೋರ್ಟು ತೂಗಿ ನೋಡುತ್ತದೆ. ಹೆಚ್ಚು ಪಡೆದವರು ಯಾರು ಎಂದು ನಿರ್ಧರಿಸುತ್ತದೆ, ಇಬ್ಬರೂ ಗೆಲ್ಲಲಿಲ್ಲ ಎನ್ನಲೂಬಹುದು.

ಇಷ್ಟು ಒಳ್ಳೆಯ ಸೆಕ್ಷನ್ನಿನಲ್ಲಿ ನಾನು ಒಪ್ಪದ ಒಂದು ಉಪನಿಯಮವೂ ಇದೆ. ದಾವೆ ಹೂಡಿದವರು ತೀರ್ಪಿಗೆ ಮೊದಲು ತಾವಾಗಿಯೇ ದಾವೆ ಹಿಂತೆಗೆದುಕೊಂಡರೆ, ಅಥವಾ ರಾಜಿಯಾಗಿ ಕೈಬಿಟ್ಟರೆ, ಕರಾರಿನ ಮಟ್ಟಿಗೆ ಗೆದ್ದವರು ಯಾರೂ ಇಲ್ಲ. ಫೀಸೂ ಇಲ್ಲ. ಫೀಸಿನ ಆಸೆಗೆ ಹಠ ಹಿಡಿದು ದಾವೆ ಎಳೆಯುವುದು ಬೇಡ, ಬಿಡುವವರು ಬಿಡಲಿ ಎಂಬುದು ಇದರ ಹಿಂದಿನ ಉದ್ದೇಶ. ರಾಜಿಗೆ ಅದು ಸರಿ. ಆದರೆ ವರ್ಷಗಟ್ಟಲೆ ಒಬ್ಬರನ್ನು ಕೋರ್ಟಿಗೆ ಎಳೆದಾಡಿ, ಸೋಲುತ್ತೇವೆ ಎಂದು ಗೊತ್ತಾದ ಮೇಲೆ ವಿಚಾರಣೆಯ ಹೊಸ್ತಿಲಲ್ಲಿ ಕೈತೊಳೆದುಕೊಂಡು ಹೋಗುವವರನ್ನೂ ಅದು ಕಾಪಾಡುತ್ತದೆ. ಅಂಥವರಿಂದ ಪೆಟ್ಟು ತಿಂದ ಪ್ರತಿವಾದಿಯ ಖರ್ಚು ಖರ್ಚೇ.

ಇಲ್ಲಿಯೇ ಷರತ್ತಿನ ಪದಗಳು ಮುಖ್ಯವಾಗುವುದು. 1998ರಲ್ಲಿ ಇನ್ನೊಂದು ಮನೆಯ ವ್ಯಾಜ್ಯ ಅದೇ ಸುಪ್ರೀಂ ಕೋರ್ಟಿಗೆ ಬಂತು. ಮನೆಯ ದೋಷಗಳನ್ನು ಮುಚ್ಚಿಟ್ಟಿರಿ ಎಂದು ಮಾರಿದವರ ಮೇಲೆ, ಏಜೆಂಟರ ಮೇಲೆ ದಾವೆ ಹೂಡಿದ ಕೊಳ್ಳುವವರು, ವಿಚಾರಣೆಗೆ ಮೊದಲು ಅದನ್ನು ಹಿಂತೆಗೆದುಕೊಂಡರು. ಕರಾರು ಮುರಿದರು ಎಂಬ ಆರೋಪದ ಮಟ್ಟಿಗೆ ಪ್ರತಿವಾದಿಗಳಿಗೆ ಫೀಸಿಲ್ಲ ಎಂದಿತು ಕೋರ್ಟು. ಆದರೆ ವಂಚನೆ, ನಿರ್ಲಕ್ಷ್ಯ ಮುಂತಾದ ಆರೋಪಗಳಿಗೆ 1717 ಅನ್ವಯಿಸುವುದಿಲ್ಲ; ಅಲ್ಲಿ ಕರಾರಿನ ಮಾತೇ ಆಧಾರ. ಆ ಕರಾರಿನಲ್ಲಿ, ಈ ಮಾರಾಟದಿಂದ ಹುಟ್ಟುವ ಯಾವುದೇ ದಾವೆ ಎಂಬ ಅರ್ಥದ ವಿಶಾಲವಾದ ಪದಗಳಿದ್ದವು. ಹಾಗಾಗಿ ಆ ಆರೋಪಗಳ ಮಟ್ಟಿಗೆ ಫೀಸು ಕೇಳುವ ದಾರಿ ಮುಚ್ಚಿಲ್ಲ ಎಂದು ಕೋರ್ಟು ಹೇಳಿತು. ಕರಾರನ್ನು ಜಾರಿಮಾಡಲು ಹೂಡಿದ ದಾವೆ ಎಂದು ಕಿರಿದಾಗಿ ಬರೆದಿದ್ದರೆ ವಂಚನೆಯ ಮೊಕದ್ದಮೆಗೆ ಅದು ತಲುಪುವುದಿಲ್ಲ. ಮನೆ ವ್ಯಾಜ್ಯಗಳಲ್ಲಿ ಬಹಳಷ್ಟು, ಸೋರುವ ಚಾವಣಿಯನ್ನು, ಬಿರುಕು ಬಿಟ್ಟ ತಳಪಾಯವನ್ನು ಮುಚ್ಚಿಟ್ಟದ್ದರಿಂದ ಹುಟ್ಟುವಂಥವು, ಅಂದರೆ ವಂಚನೆಯ ಆರೋಪಗಳೇ. ಆದ್ದರಿಂದ ಸಹಿ ಮಾಡುವ ಮೊದಲು ಓದಬೇಕಾದ ಸಾಲು ಇದೇ.

ಇನ್ನು ಎಷ್ಟು ಫೀಸು? ವಕೀಲರು ಬರೆದುಕೊಟ್ಟ ಬಿಲ್ಲಿನಷ್ಟಲ್ಲ. ನ್ಯಾಯವಾದ ಫೀಸು ಎಷ್ಟೆಂದು ಕೋರ್ಟು ನಿಗದಿ ಮಾಡುತ್ತದೆ: ಆ ಕೆಲಸಕ್ಕೆ ಬೇಕಾದ ಗಂಟೆಗಳು, ಆ ಊರಿನಲ್ಲಿ ಆ ಅನುಭವದ ವಕೀಲರಿಗೆ ನಡೆಯುವ ಗಂಟೆಯ ದರ, ಇವೆರಡರ ಗುಣಾಕಾರದಿಂದ ಶುರುಮಾಡಿ ಆಮೇಲೆ ಹೆಚ್ಚು ಕಡಿಮೆ ಮಾಡುತ್ತದೆ. ಅದಕ್ಕಾಗಿ ಅಲ್ಲಿನ ವಕೀಲರು ಯಾವ ದಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಬರೆದಿಡುತ್ತಾರೆ. ತೀರ್ಪಾಯಿತು, ಫೀಸು ತಾನಾಗಿ ಬರುತ್ತದೆ ಎಂದು ಕೂರುವಂತೆಯೂ ಇಲ್ಲ. ಪ್ರತ್ಯೇಕ ಅರ್ಜಿ ಹಾಕಬೇಕು. ಅಪೀಲಿಗೆ ಇರುವ ಗಡುವೇ ಅದಕ್ಕೂ ಗಡುವು. ತೀರ್ಪು ದಾಖಲಾದ ನೋಟಿಸು ಜಾರಿಯಾದ ಮೇಲೆ ಸಾಮಾನ್ಯವಾಗಿ 60 ದಿನ. ಮತ್ತೊಂದು ಕಹಿ ಸಂಗತಿ, ನಿಮ್ಮ ವಕೀಲರಿಗೆ ನೀವು ಮೊದಲು ಕೈಯಿಂದ ಕೊಡಬೇಕು. ಸೋತವರ ಬಳಿ ಹಣವಿಲ್ಲದಿದ್ದರೆ ಕೋರ್ಟಿನ ಆದೇಶ ಕಾಗದವಾಗಿಯೇ ಉಳಿಯುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇನ್ನು ಮುಂದಿನ ವಿಷಯದ ಮೇಲೆ. ಫೀಸಿನ ಷರತ್ತಿಗೆ ಒಂದು ದುರ್ಗುಣವಿದೆ. ಇಬ್ಬರೂ ತಾವೇ ಗೆಲ್ಲುವುದು ಎಂದು ನಂಬಿರುತ್ತಾರೆ. ಗೆದ್ದರೆ ಫೀಸು ಎದುರಿನವರಿಂದ ಬರುತ್ತದೆ ಎಂಬ ಧೈರ್ಯಕ್ಕೆ ಖರ್ಚು ಮಾಡುತ್ತ ಹೋಗುತ್ತಾರೆ. ಮೂಲ ಜಗಳ 30 ಸಾವಿರ ಡಾಲರಿನದು, ಎರಡೂ ಕಡೆಯ ಫೀಸು ಅದನ್ನು ಮೀರಿತು ಅಂದುಕೊಳ್ಳಿ. ಆಮೇಲೆ ಜಗಳ ಮನೆಯದ್ದಾಗಿ ಉಳಿಯುವುದಿಲ್ಲ, ಫೀಸಿನದ್ದಾಗುತ್ತದೆ. ಆ ಹಂತದಲ್ಲಿ ರಾಜಿಯಾಗುವವರು ವಿರಳ. ರಾಜಿಯಾದವರು ಇಷ್ಟು ಹಣವನ್ನು ಯಾರಿಗೋ ಸುರಿದೆವಲ್ಲ ಎಂಬ ಸಂಕಟದಲ್ಲೇ ಆಗುತ್ತಾರೆ.

ಕ್ಯಾಲಿಫೋರ್ನಿಯಾದ ರಿಯಲ್ಟರುಗಳ ಸಂಘ ಸಿದ್ಧಪಡಿಸಿರುವ ಕರಾರಿನ ನಮೂನೆಯೊಂದಿದೆ. ಅಲ್ಲಿ ವಾಸದ ಮನೆಗಳ ಮಾರಾಟದಲ್ಲಿ ವ್ಯಾಪಕವಾಗಿ ಬಳಕೆಯಾಗುವುದು ಅದೇ. ಮಾರುವವರು, ಕೊಳ್ಳುವವರ ನಡುವಿನ ವ್ಯಾಜ್ಯದಲ್ಲಿ ಗೆದ್ದವರಿಗೆ ಸೋತವರಿಂದ ನ್ಯಾಯವಾದ ಫೀಸು ಸಿಗತಕ್ಕದ್ದು ಎಂದು ಅದರಲ್ಲಿ ಇದೆ. ಅದರ ಜೊತೆಗೆ ಒಂದು ತಡೆಯೂ ಇದೆ. ಕೋರ್ಟಿಗೆ ಹೋಗುವ ಮೊದಲು ಮೀಡಿಯೇಷನ್ನಿಗೆ, ಅಂದರೆ ಸಂಧಾನಕ್ಕೆ ಪ್ರಯತ್ನಿಸಬೇಕು. ಪ್ರಯತ್ನಿಸದೆ ದಾವೆ ಹೂಡಿದವರಿಗೆ, ಅಥವಾ ಎದುರಿನವರು ಸಂಧಾನಕ್ಕೆ ಕರೆದಾಗ ಒಲ್ಲೆ ಎಂದವರಿಗೆ, ಆಮೇಲೆ ಪೂರ್ತಿ ಗೆದ್ದರೂ ಫೀಸು ಇಲ್ಲ. ಸಂಧಾನಕಾರರ ಶುಲ್ಕವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ರಾಜಿಯಾಗಲೇಬೇಕು ಎಂದು ಯಾರೂ ಬಲವಂತ ಮಾಡುವುದಿಲ್ಲ. ಮೇಜಿನ ಎದುರು ಬಂದು ಕೂರಬೇಕು, ಅಷ್ಟೆ.

ಇದನ್ನು ಹಗುರವಾಗಿ ತೆಗೆದುಕೊಂಡವರು ಪಟ್ಟ ಪಾಡು ಅಲ್ಲಿನ ಅಪೀಲು ಕೋರ್ಟುಗಳ ತೀರ್ಪುಗಳಲ್ಲಿ ದಾಖಲಾಗಿದೆ. 2004ರ ಒಂದು ಪ್ರಕರಣದಲ್ಲಿ, ಕೊನೆಗೆ ಗೆದ್ದ ಪಕ್ಷದವರು ಮೊದಲು ಸಂಧಾನಕ್ಕೆ ಒಪ್ಪಿರಲಿಲ್ಲ. ಫೀಸಿಗಾಗಿ ಕೇಳಿದರು, ಸಿಗಲಿಲ್ಲ. ಕರಾರಿನ ಮಾತಿಗೆ ಅದು ಹೇಳಿದ್ದೇ ಅರ್ಥ, ಅದನ್ನು ಜಾರಿ ಮಾಡಿಯೇ ತೀರುತ್ತೇವೆ ಎಂಬುದು ಆ ತೀರ್ಪಿನ ತಾತ್ಪರ್ಯ. 2008ರಲ್ಲಿ ದಾವೆ ಗೆದ್ದವರೊಬ್ಬರಿಗೆ, ಸಂಧಾನಕ್ಕೆ ಪ್ರಯತ್ನಿಸುವ ಮೊದಲೇ ಕೋರ್ಟಿಗೆ ಹೋಗಿದ್ದ ಕಾರಣಕ್ಕೆ ಫೀಸು ತಪ್ಪಿತು. 2012ರದು ಇನ್ನೂ ಕಟುವಾದದ್ದು. ಚಾವಣಿಯ ದೋಷದ ಬಗ್ಗೆ ದಾವೆ ಎದುರಿಸಿದ ಮಾರಾಟಗಾರರು, ಮೊದಲು ಸಾಕ್ಷ್ಯ, ದಾಖಲೆ ಎಲ್ಲ ಹೊರಬರಲಿ, ಅದಿಲ್ಲದೆ ಸಂಧಾನದಿಂದ ಫಲವಿಲ್ಲ ಎಂದು ಮುಂದೂಡಿದರು. ಕೇಳಲು ಎಷ್ಟು ಸಮಂಜಸವಾಗಿದೆ! ನಮ್ಮ ವಕೀಲರು ದಿನಾ ಹೇಳುವ ಮಾತು. ಅವರು ಮೊಕದ್ದಮೆ ಗೆದ್ದರು, ಕೆಳಗಿನ ಕೋರ್ಟು ಫೀಸನ್ನೂ ಕೊಡಿಸಿತು. ಅಪೀಲು ಕೋರ್ಟು ಫೀಸನ್ನು ಕಿತ್ತುಕೊಂಡಿತು. ಸಂಧಾನದ ಗುರಿಯೇ ಖರ್ಚು ಶುರುವಾಗುವ ಮೊದಲು ಜಗಳ ತೀರಿಸುವುದು. ಖರ್ಚೆಲ್ಲ ಮಾಡಿ ಮುಗಿಸಿದ ಮೇಲೆ ಬರುತ್ತೇನೆ ಎಂದರೆ ಅದು ನಿರಾಕರಣೆಯೇ.

ಈ ತೀರ್ಪುಗಳನ್ನು ಕಠಿಣ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಮನೆ ಎಂಬುದು ಹೆಚ್ಚಿನವರಿಗೆ ಜೀವಮಾನದ ಉಳಿತಾಯ. ಆ ಉಳಿತಾಯವನ್ನು ಕಾಪಾಡುವ ಶಕ್ತಿ ಇರುವ ಜಾಗ, ಕೋರ್ಟಿಗಿಂತ ಮೊದಲು, ಆ ಮೇಜು. ಒಂದು ದಿನ ಕೂತು ಮಾತಾಡಿದ್ದಕ್ಕೆ ಯಾರ ಹಕ್ಕೂ ಕಳೆದುಹೋಗುವುದಿಲ್ಲ. ಕೂರದೆ ಹೋದವರು ಎದುರಿನವರ ಮೇಲೆ ಅನಗತ್ಯ ಖರ್ಚು ಹೇರಿದರು. ಅವರ ಖರ್ಚನ್ನು ಎದುರಿನವರಿಂದ ವಸೂಲಿ ಮಾಡಿಕೊಡಲು ಕಾನೂನಿಗೆ ಯಾವ ಕಾರಣವಿದೆ? ನಮ್ಮಲ್ಲೂ ವಾಣಿಜ್ಯ ವ್ಯಾಜ್ಯಗಳಿಗೆ, ತುರ್ತು ಪರಿಹಾರ ಕೇಳದಿದ್ದ ಪಕ್ಷದಲ್ಲಿ, ದಾವೆಗೆ ಮೊದಲು ಸಂಧಾನ ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ವಾಸದ ಮನೆಗಳ ಕ್ರಯದ ಕರಾರಿಗೂ ಇಂಥದೊಂದು ಏರ್ಪಾಟು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮೊದಲು ಸಂಧಾನಕ್ಕೆ ಕೂರುತ್ತೇವೆ ಎಂಬ ಸಾಲನ್ನು ನಮ್ಮ ಕರಾರುಗಳಲ್ಲಿ ಇಂದೇ ಬರೆಸಿಕೊಳ್ಳಬಹುದು; ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಸಂಧಾನ ನಡೆಸುವ ಮಧ್ಯಸ್ಥಿಕೆ ಕೇಂದ್ರವೂ ಇದೆ. ಆದರೆ ಗೆದ್ದವರಿಗೆ ಪೂರ್ತಿ ಫೀಸು ಎಂದು ಬರೆಸಿದರೆ ಇಲ್ಲಿನ ಕೋರ್ಟು ಅದನ್ನು ಹಾಗೆಯೇ ಕೊಡಿಸುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ.

ಕೊನೆಯದಾಗಿ, ಅಲ್ಲಿ ಮಕ್ಕಳಿರುವ ಮನೆಯವರಿಗೆ ಕೆಲವು ಮಾತು. ಅಲ್ಲಿ ಮನೆ ಕೊಳ್ಳುವಾಗ ಕೊಟ್ಟ ಮುಂಗಡ, ಕೊಳ್ಳುವವರು ಮಾತು ತಪ್ಪಿದರೆ ಮಾರುವವರ ಪಾಲಾಗಬಹುದು ಎಂಬ ಷರತ್ತು ಬೇರೆ ಇರುತ್ತದೆ. ಕೊಳ್ಳುವವರು ತಾವೇ ವಾಸಿಸಲು ತೆಗೆದುಕೊಳ್ಳುವ ಮನೆಯಾದರೆ ಬೆಲೆಯ ಶೇಕಡಾ 3ರವರೆಗಿನ ಮೊತ್ತವನ್ನು ಕಾನೂನು ಸಾಮಾನ್ಯವಾಗಿ ಸರಿಯೆಂದೇ ಭಾವಿಸುತ್ತದೆ. ಹತ್ತು ಲಕ್ಷ ಡಾಲರಿನ ಮನೆಗೆ ಅದು 30 ಸಾವಿರ ಡಾಲರ್. ಮೂರನೆಯವರ ವಶದಲ್ಲಿ ಇಟ್ಟ ಆ ಹಣವನ್ನು ನಿಜವಾದ ತಕರಾರೇ ಇಲ್ಲದೆ, ಕೇಳಿದ 30 ದಿನದೊಳಗೆ ಬಿಟ್ಟುಕೊಡದವರ ಮೇಲೆ ದಂಡ, ವಕೀಲರ ಫೀಸು ಎರಡನ್ನೂ ಹಾಕುವ ಬೇರೊಂದು ಸೆಕ್ಷನ್ ಸಿವಿಲ್ ಕೋಡಿನಲ್ಲಿದೆ. ಚಿಕ್ಕ ಮೊತ್ತವಾದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ. ಅಲ್ಲಿ ವಕೀಲರಿಗೆ ವಾದಿಸಲು ಪ್ರವೇಶವಿಲ್ಲ, ಸಂಧಾನದ ಷರತ್ತೂ ಅಡ್ಡಿಯಾಗುವುದಿಲ್ಲ. ಮನೆಯೇ ಬೇಕು, ಮಾರುವವರು ಅದನ್ನು ಬೇರೆಯವರಿಗೆ ಕೊಟ್ಟುಬಿಡುವ ಭಯವಿದೆ ಎಂದಿದ್ದರೆ, ಈ ಸ್ವತ್ತಿನ ಮೇಲೆ ದಾವೆ ನಡೆಯುತ್ತಿದೆ ಎಂಬ ನೋಟಿಸನ್ನು ದಾಖಲಿಸಲೆಂದು ಮೊದಲೇ ದಾವೆ ಹೂಡಬಹುದು. ಹಾಗೆ ಹೂಡಿದ್ದಕ್ಕೆ ಸಂಧಾನದ ಷರತ್ತು ಮುರಿದಂತಾಗದು ಎಂದು ಆ ನಮೂನೆಯೇ ಹೇಳುತ್ತದೆ. ಉಳಿದ ಯಾವ ಜಗಳವಾದರೂ ಸರಿ, ಮಗಳು ಫೋನು ಮಾಡಿ, ಅಪ್ಪಾ, ಅವರ ಮೇಲೆ ಕೇಸು ಹಾಕುತ್ತೇವೆ ಎಂದಾಗ, ಸಂಧಾನಕ್ಕೆ ಬನ್ನಿ ಎಂದು ಬರೆದು ಕಳಿಸಿದೆಯೇನಮ್ಮ, ಯಾವ ತಾರೀಖಿಗೆ ಕಳಿಸಿದೆ, ಅದರ ಪ್ರತಿ ನಿನ್ನ ಹತ್ತಿರ ಇದೆಯಾ ಎಂದು ಮೊದಲು ಕೇಳಿ. ಇಲ್ಲವೆಂದರೆ ಆವತ್ತೇ ಬರೆಸಿ ಕಳಿಸಲು ಹೇಳಿ. ದಾವೆಯ ಅರ್ಜಿ ಅದರ ನಂತರ ಸಿದ್ಧವಾಗಲಿ.